ಕ್ರೀಡಾ ಹೂಡಿಕೆ: ಆಟಗಾರರ ಎರಡನೆಯ ವೃತ್ತಿ

ಕ್ರೀಡಾ ಹೂಡಿಕೆಯೆಂದರೆ ವೃತ್ತಿಪರ ಆಟಗಾರರು ನಿವೃತ್ತಿಯ ನಂತರ, ಕೆಲವೊಮ್ಮೆ ಆಡುತ್ತಿರುವಾಗಲೇ, ತಂಡಗಳ ಷೇರು, ಲೀಗುಗಳ ಪಾಲು, ಕ್ರೀಡಾ ತಂತ್ರಜ್ಞಾನದ ಹೊಸ ಕಂಪನಿಗಳು ಮುಂತಾದವುಗಳಲ್ಲಿ ಹಣ ತೊಡಗಿಸುವ ವೃತ್ತಿ. ಬೇರೆಯವರ ಹಣವನ್ನು ನಿಧಿಯಾಗಿ ಕೂಡಿಸಿ ಅವರ ಪರವಾಗಿ ತೊಡಗಿಸುವುದೂ ಇದರಲ್ಲಿ ಸೇರುತ್ತದೆ. ತರಬೇತುದಾರ, ಆಯ್ಕೆಗಾರ, ವೀಕ್ಷಕ ವಿವರಣೆಗಾರ, ಅಕಾಡೆಮಿ ನಡೆಸುವವ: ನಿವೃತ್ತ ಆಟಗಾರನ ಮುಂದೆ ಬಹುಕಾಲ ಇದ್ದ ದಾರಿಗಳು ಇಷ್ಟೇ. ಇವೆಲ್ಲದರಲ್ಲೂ ಆತನಿಗೆ ಸಿಗುವುದು ಸಂಬಳ ಅಥವಾ ಸಂಭಾವನೆ. ಹೂಡಿಕೆಯಲ್ಲಿ ಸಿಗುವುದು ಪಾಲು. ಕಳೆದ ಮೂರು ದಶಕಗಳಲ್ಲಿ ತಂಡಗಳ ಬೆಲೆ ಆಟಗಾರರ ಸಂಭಾವನೆಗಿಂತ ಎಷ್ಟೋ ಪಟ್ಟು ವೇಗವಾಗಿ ಏರಿದ್ದರಿಂದ, ಆಟದ ಸಂಪತ್ತು ಯಾರ ಕೈಸೇರುತ್ತಿದೆ ಎಂಬ ಪ್ರಶ್ನೆ ಆಟಗಾರರನ್ನೇ ಕಾಡತೊಡಗಿತು. ಈ ವೃತ್ತಿ ಹುಟ್ಟಿದ್ದು ಆ ಪ್ರಶ್ನೆಯಿಂದ. ಇದು ಮುಖ್ಯವಾಗಿ ಅಮೆರಿಕದಲ್ಲಿ ಬೆಳೆದು, ನಂತರ ಯುರೋಪಿಗೂ ಇತ್ತೀಚೆಗೆ ಭಾರತಕ್ಕೂ ಬಂದಿದೆ.

ಆರಂಭದ ಉದಾಹರಣೆಗಳು

ಆಟಗಾರನೇ ಒಡೆಯನಾಗುವುದು ಅಮೆರಿಕದ ಫುಟ್‌ಬಾಲಿಗೆ ಹೊಸದಲ್ಲ. ಜಾರ್ಜ್ ಹಲಾಸ್ 1920ರ ದಶಕದಲ್ಲಿ ಚಿಕಾಗೊ ಬೇರ್ಸ್ ತಂಡಕ್ಕೆ ಏಕಕಾಲದಲ್ಲಿ ಆಟಗಾರ, ತರಬೇತುದಾರ ಮತ್ತು ಮಾಲೀಕರಾಗಿದ್ದರು. ಆಗ ತಂಡ ಕಟ್ಟಲು ದೊಡ್ಡ ಬಂಡವಾಳ ಬೇಕಿರಲಿಲ್ಲ. ಬಂಡವಾಳ ಬೇಕಾದ ಕಾಲದಲ್ಲಿ ಅದೇ ದಾರಿ ಹಿಡಿದ ಮೊದಲಿಗರು ಜೆರ್ರಿ ರಿಚರ್ಡ್‌ಸನ್. ಬಾಲ್ಟಿಮೋರ್ ಕೋಲ್ಟ್ಸ್ ತಂಡದಲ್ಲಿದ್ದ ಅವರು 1959ರ ಚಾಂಪಿಯನ್‌ಶಿಪ್ ಗೆಲುವಿನಲ್ಲಿ ಬಂದ ಬೋನಸ್ ಹಣವನ್ನು ಹಾರ್ಡೀಸ್ ಎಂಬ ಹ್ಯಾಂಬರ್ಗರ್ ಹೋಟೆಲಿನ ಫ್ರಾಂಚೈಸಿಗೆ ಹಾಕಿದರು. ಮೂರು ದಶಕ ಹೋಟೆಲ್ ಉದ್ಯಮದಲ್ಲಿ ಬೆಳೆದು, 1993ರಲ್ಲಿ ಕೆರೊಲಿನಾ ಪ್ಯಾಂಥರ್ಸ್ ತಂಡದ ಹಕ್ಕು ಪಡೆದರು. 2018ರಲ್ಲಿ ಅದು 200 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ಜೂನಿಯರ್ ಬ್ರಿಡ್ಜ್‌ಮನ್ ಅವರ ಬದುಕು ಇನ್ನೂ ಹೆಚ್ಚಿನದನ್ನು ಕಲಿಸುತ್ತದೆ. ಮಿಲ್ವಾಕೀ ಬಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ 1970–80ರ ದಶಕಗಳಲ್ಲಿ ಆಡಿದ ಅವರ ಸಂಭಾವನೆ ಯಾವ ವರ್ಷವೂ ಮೂರೂವರೆ ಲಕ್ಷ ಡಾಲರ್ ದಾಟಿರಲಿಲ್ಲ. ಆಟವಿಲ್ಲದ ತಿಂಗಳುಗಳಲ್ಲಿ ಅವರು ವೆಂಡೀಸ್ ಹೋಟೆಲುಗಳಲ್ಲಿ ಒಳಗಿನ ಕೆಲಸ ಕಲಿತರು. ನಿವೃತ್ತಿಯ ನಂತರ ನೂರಕ್ಕೂ ಹೆಚ್ಚು ಹೋಟೆಲುಗಳ ಒಡೆಯರಾಗಿ, ಮುಂದೆ ಕೋಕಾ-ಕೋಲಾ ಬಾಟ್ಲಿಂಗ್ ಉದ್ಯಮಕ್ಕೂ ಕಾಲಿಟ್ಟರು. 2024ರಲ್ಲಿ ತಾವು ಆಡಿದ ಬಕ್ಸ್ ತಂಡದಲ್ಲೇ ಶೇ. 10ರಷ್ಟು ಪಾಲು ಕೊಂಡರು. ಮರುವರ್ಷ ಮಾರ್ಚಿನಲ್ಲಿ ತೀರಿಕೊಂಡರು. ಅವರಿಗೆ ತಾರಾಮೌಲ್ಯವಿತ್ತೆಂದು ಹೇಳಲಾಗದು. ಇದ್ದದ್ದು ಲೆಕ್ಕಪತ್ರ ಓದುವ ತಾಳ್ಮೆ. ಆಟಗಾರ ಹೂಡಿಕೆದಾರರ ಚರ್ಚೆಯಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ಹೆಸರು ಮೊದಲು ಬರುತ್ತದೆ. ಆದರೆ ಸಾಮಾನ್ಯ ಆಟಗಾರನಿಗೆ ಮಾದರಿಯಾಗಬಲ್ಲವರು ಬ್ರಿಡ್ಜ್‌ಮನ್.

ಜಾನ್ಸನ್ 1991ರ ನವೆಂಬರಿನಲ್ಲಿ ತಮಗೆ ಎಚ್‌ಐವಿ ಸೋಂಕಿದೆ ಎಂದು ಪ್ರಕಟಿಸಿ ಆಟದಿಂದ ಹಿಂದೆ ಸರಿದರು. 1994ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್‌ನಲ್ಲಿ ಸಣ್ಣ ಪಾಲು ಕೊಂಡು 2010ರಲ್ಲಿ ಮಾರಿದರು. ಈ ನಡುವೆ, ದೊಡ್ಡ ಕಂಪನಿಗಳು ಕಾಲಿಡಲು ಹಿಂಜರಿಯುತ್ತಿದ್ದ ಕಪ್ಪುಜನರ ಬಡಾವಣೆಗಳಲ್ಲಿ ಸಿನಿಮಾ ಮಂದಿರಗಳನ್ನೂ ಸ್ಟಾರ್‌ಬಕ್ಸ್ ಮಳಿಗೆಗಳನ್ನೂ ಪಾಲುದಾರಿಕೆಯಲ್ಲಿ ತೆರೆದರು. ಅಲ್ಲಿನವರ ಕೈಯಲ್ಲಿ ಹಣವಿದೆ, ಖರ್ಚು ಮಾಡಲು ಅಂಗಡಿಗಳಿಲ್ಲ ಎಂಬ ಅವರ ಅಂದಾಜು ನಿಜವಾಯಿತು. 2012ರಲ್ಲಿ ಗುಗ್ಗೆನ್‌ಹೈಮ್ ಬಳಗದೊಂದಿಗೆ ಲಾಸ್ ಏಂಜಲಿಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡವನ್ನು, 2023ರಲ್ಲಿ ಜಾಶ್ ಹ್ಯಾರಿಸ್ ಬಳಗದೊಂದಿಗೆ ವಾಷಿಂಗ್ಟನ್ ಕಮಾಂಡರ್ಸ್ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಕೊಂಡವರಲ್ಲಿ ಜಾನ್ಸನ್ ಇದ್ದರು. ಎರಡನೆಯದರ ಬೆಲೆ 605 ಕೋಟಿ ಡಾಲರ್. ಎರಡೂ ಕಡೆ ನಿಯಂತ್ರಣ ಬೇರೆಯವರದು, ಜಾನ್ಸನ್ ಅವರದು ಅಲ್ಪಪಾಲು ಎಂಬುದನ್ನು ಪತ್ರಿಕೆಗಳ ತಲೆಬರಹಗಳು ಮರೆಸಿಬಿಡುತ್ತವೆ.

ಲೆಮ್ಯೂ ಮತ್ತು ಜೋರ್ಡನ್

ಸಂಭಾವನೆ ಪಾಲಾಗಿ ಬದಲಾದದ್ದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಐಸ್ ಹಾಕಿ ಆಟಗಾರ ಮಾರಿಯೊ ಲೆಮ್ಯೂ ಅವರ ಪ್ರಕರಣ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡ ಅವರಿಗೆ ಕೊಡಬೇಕಾಗಿದ್ದ ಸಂಭಾವನೆಯ ದೊಡ್ಡ ಭಾಗವನ್ನು ಮುಂದಿನ ವರ್ಷಗಳಿಗೆ ಉಳಿಸಿಕೊಂಡಿತ್ತು. 1997ರಲ್ಲಿ ಅವರು ನಿವೃತ್ತರಾದರು. ಮರುವರ್ಷ ತಂಡ ದಿವಾಳಿ ಎಂದು ನ್ಯಾಯಾಲಯಕ್ಕೆ ಹೋಯಿತು. ಲೆಮ್ಯೂ ಅವರಿಗೆ ಬರಬೇಕಿದ್ದ ಬಾಕಿ 3 ಕೋಟಿ ಡಾಲರ್ ಆಸುಪಾಸು. ತಂಡದ ಅತಿದೊಡ್ಡ ಸಾಲದಾತರಲ್ಲಿ ಒಬ್ಬರಾಗಿದ್ದ ಅವರು, ಬಾಕಿಯ ಬಹುಪಾಲನ್ನು ಷೇರಾಗಿ ಪರಿವರ್ತಿಸಿ, ಹೊರಗಿನ ಹೂಡಿಕೆದಾರರನ್ನು ಜೊತೆಗೆ ಕರೆತಂದು, 1999ರಲ್ಲಿ ತಂಡವನ್ನೇ ವಹಿಸಿಕೊಂಡರು. ಬಾಕಿ ವಸೂಲಿಗೆ ಪಟ್ಟುಹಿಡಿದಿದ್ದರೆ ಡಾಲರಿಗೆ ಕೆಲವು ಸೆಂಟ್ ಸಿಗಬಹುದಿತ್ತು, ತಂಡ ಊರು ಬಿಡುವ ಸಾಧ್ಯತೆಯೂ ಇತ್ತು. 2000ದ ಡಿಸೆಂಬರಿನಲ್ಲಿ ಅವರು ಮತ್ತೆ ಮೈದಾನಕ್ಕಿಳಿದು, ತಾವೇ ಒಡೆಯರಾಗಿದ್ದ ತಂಡಕ್ಕೆ ಆಡಿದರು. ಅವರ ಒಡೆತನದಲ್ಲಿ ತಂಡ 2009, 2016 ಮತ್ತು 2017ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. 2021ರಲ್ಲಿ ಸುಮಾರು 90 ಕೋಟಿ ಡಾಲರ್ ಮೌಲ್ಯಕ್ಕೆ ಫೆನ್‌ವೇ ಸ್ಪೋರ್ಟ್ಸ್ ಗ್ರೂಪಿಗೆ ಮಾರಾಟವಾಯಿತು.

ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಅವರ ಅನುಭವ ಬೇರೆ. 2000ದಲ್ಲಿ ಅವರು ವಾಷಿಂಗ್ಟನ್ ವಿಜರ್ಡ್ಸ್ ತಂಡದಲ್ಲಿ ಪಾಲು ಪಡೆದು ಅದರ ಆಟದ ವಿಭಾಗದ ಮುಖ್ಯಸ್ಥರಾದರು. ಮರುವರ್ಷ ಮತ್ತೆ ಆಡಬೇಕೆನಿಸಿತು. ಆಡುವವರು ತಂಡದ ಒಡೆತನ ಹೊಂದುವಂತಿಲ್ಲ ಎಂಬುದು ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಗಿನ ನಿಯಮ. ಪಾಲು ಬಿಟ್ಟುಕೊಟ್ಟು ಆಡಿದರು. 2003ರಲ್ಲಿ ಆಟ ಮುಗಿಸಿ ಹಳೆಯ ಸ್ಥಾನಕ್ಕೆ ಮರಳಲು ಹೋದಾಗ ಮಾಲೀಕರು ಅವರನ್ನು ಹೊರಗೆ ಕಳಿಸಿದರು. 2010ರಲ್ಲಿ ಷಾರ್ಲಟ್ ತಂಡದ ಬಹುಪಾಲನ್ನು ಕೊಂಡರು. ಆಗ ತಂಡದ ಮೌಲ್ಯ ಸುಮಾರು 27.5 ಕೋಟಿ ಡಾಲರ್. ಅವರ ಒಡೆತನದ ಹದಿಮೂರು ವರ್ಷಗಳಲ್ಲಿ ತಂಡ ಪ್ಲೇಆಫ್ ಹಂತದ ಒಂದು ಸರಣಿಯನ್ನೂ ಗೆಲ್ಲಲಿಲ್ಲ. 2011–12ರಲ್ಲಿ 66 ಪಂದ್ಯಗಳಲ್ಲಿ ಗೆದ್ದದ್ದು 7. ಆದರೂ 2023ರಲ್ಲಿ ಬಹುಪಾಲನ್ನು ಮಾರಿದಾಗ ಮೌಲ್ಯ 300 ಕೋಟಿ ಡಾಲರ್ ಆಗಿತ್ತು.

ಈ ಹತ್ತು ಪಟ್ಟಿಗೂ ಮೀರಿದ ಏರಿಕೆಗೆ ಜೋರ್ಡನ್ ಅವರ ಬ್ಯಾಸ್ಕೆಟ್‌ಬಾಲ್ ಜ್ಞಾನ ಕಾರಣವೆನ್ನಲು ಆಧಾರವಿಲ್ಲ. ಅಮೆರಿಕದ ಪ್ರಮುಖ ಲೀಗುಗಳಲ್ಲಿ ತಂಡಗಳ ಸಂಖ್ಯೆ ನಿಗದಿತ, ಸೋತ ತಂಡ ಕೆಳದರ್ಜೆಗೆ ಇಳಿಯುವುದಿಲ್ಲ, ರಾಷ್ಟ್ರೀಯ ಪ್ರಸಾರ ಹಕ್ಕಿನ ಹಣ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆ, ಬೇಸ್‌ಬಾಲ್ ಬಿಟ್ಟು ಉಳಿದೆಡೆ ಆಟಗಾರರ ಒಟ್ಟು ಸಂಭಾವನೆಗೆ ಮಿತಿಯಿದೆ. ಕೊಳ್ಳುವ ಶ್ರೀಮಂತರು ಹೆಚ್ಚುತ್ತ ಹೋದರೂ ಮಾರಾಟಕ್ಕೆ ಬರುವ ತಂಡಗಳು ವಿರಳ. ಬೆಲೆ ಏರಿಸಿದ್ದು ಈ ವ್ಯವಸ್ಥೆ. ಆಟದಲ್ಲಿ ನಿಪುಣನಾದವನು ಹೂಡಿಕೆಯಲ್ಲೂ ನಿಪುಣ ಎಂದು ಜೋರ್ಡನ್ ಅವರ ಲಾಭ ನೋಡಿ ನಂಬುವುದು ತಪ್ಪು ಪಾಠ.

ನಿಧಿ ನಡೆಯುವ ಬಗೆ

ಸ್ವಂತ ಹಣದಿಂದ ತಂಡ ಕೊಳ್ಳಬಲ್ಲವರು ಬೆರಳೆಣಿಕೆಯಷ್ಟು. ಹೆಚ್ಚಿನವರಿಗೆ ತೆರೆದಿರುವುದು ನಿಧಿಯ ದಾರಿ. ಭಾರತದ ನಿಯಮಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳ ಪ್ರಕಾರ ಇಂಥ ನಿಧಿಯಲ್ಲಿ ಪ್ರತಿ ಹೂಡಿಕೆದಾರ ಸಾಮಾನ್ಯವಾಗಿ ಕನಿಷ್ಠ 1 ಕೋಟಿ ರೂಪಾಯಿ ತೊಡಗಿಸಬೇಕು. ಮೊದಲ ಮತ್ತು ಎರಡನೆಯ ವರ್ಗದ ನಿಧಿಗಳಲ್ಲಿ ವ್ಯವಸ್ಥಾಪಕರು ಅಥವಾ ಪ್ರಾಯೋಜಕರು ತಮ್ಮ ಕೈಯಿಂದ ನಿಧಿಯ ಶೇ. 2.5 ಅಥವಾ 5 ಕೋಟಿ ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದನ್ನು ಹಾಕಬೇಕು. ಹೂಡಿಕೆ ತೀರ್ಮಾನಿಸುವ ತಂಡದಲ್ಲಿ ಎನ್‌ಐಎಸ್‌ಎಂ (ಸೆಬಿಯ ತರಬೇತಿ ಸಂಸ್ಥೆ) ನಡೆಸುವ ಪ್ರಮಾಣಪತ್ರ ಪರೀಕ್ಷೆ ಪಾಸಾದವರು ಇರಬೇಕು.

200 ಕೋಟಿ ರೂಪಾಯಿಯ ನಿಧಿಯೊಂದನ್ನು ಊಹಿಸಿಕೊಳ್ಳೋಣ. ವ್ಯವಸ್ಥಾಪಕರು ವರ್ಷಕ್ಕೆ ಶೇ. 2ರಂತೆ 4 ಕೋಟಿ ಶುಲ್ಕ ಪಡೆಯುತ್ತಾರೆ. ಸಂಬಳ, ಕಚೇರಿ, ಕಾನೂನು ವೆಚ್ಚ ಎಲ್ಲ ಅದರಲ್ಲೇ ನಡೆಯಬೇಕು. ಎಂಟು-ಹತ್ತು ವರ್ಷಗಳ ನಂತರ ಹೂಡಿಕೆಗಳೆಲ್ಲ ಮಾರಾಟವಾಗಿ 500 ಕೋಟಿ ಬಂದರೆ ಲಾಭ 300 ಕೋಟಿ. ಅದರಲ್ಲಿ ಶೇ. 20, ಅಂದರೆ 60 ಕೋಟಿ, ವ್ಯವಸ್ಥಾಪಕರ ಪಾಲು. ಆದರೆ ಹೂಡಿಕೆದಾರರಿಗೆ ಮೊದಲು ಗೊತ್ತುಪಡಿಸಿದ ಪ್ರತಿಫಲ ಸಿಕ್ಕಿರಬೇಕು, ವರ್ಷಕ್ಕೆ ಶೇ. 8ರ ಆಸುಪಾಸು ವಾಡಿಕೆ. ಅಷ್ಟು ಗಳಿಸದ ನಿಧಿಗೆ ಲಾಭದ ಪಾಲಿಲ್ಲ. ಪಂದ್ಯ ಮುಗಿದ ಸಂಜೆಯೇ ಫಲಿತಾಂಶ ಕಂಡು ಬೆಳೆದ ಆಟಗಾರನಿಗೆ, ತೀರ್ಪಿಗಾಗಿ ದಶಕ ಕಾಯುವ ಈ ಕೆಲಸದ ಲಯ ಒಗ್ಗುವುದೇ ದೊಡ್ಡ ಕಷ್ಟ.

ಇಲ್ಲಿ ಆಟಗಾರನ ಹಿನ್ನೆಲೆ ಉಪಯುಕ್ತವಾಗುವುದು ಎರಡು ಕಡೆ. ಹಣ ಸಂಗ್ರಹಿಸುವಾಗ ಆತನ ಹೆಸರಿಗೆ ಮೊದಲ ಭೇಟಿ ಸುಲಭವಾಗಿ ಸಿಗುತ್ತದೆ. ಎರಡನೆಯ ಭೇಟಿಯಲ್ಲಿ ಕೇಳುವುದು ಲೆಕ್ಕ. ಹೂಡಿಕೆಗೆ ಮುಂಚಿನ ಪರಿಶೀಲನೆಯಲ್ಲಿ ಮಾತ್ರ ಆತನ ಅನುಭವಕ್ಕೆ ನಿಜವಾದ ಬೆಲೆಯಿದೆ. ಗಾಯದಿಂದ ಚೇತರಿಸಿಕೊಳ್ಳುವವರಿಗೆಂದು ಒಂದು ಉಪಕರಣ ತಯಾರಾಗಿದ್ದರೆ, ಅದನ್ನು ಆಟಗಾರರು ಆರನೆಯ ವಾರವೂ ಬಳಸುತ್ತಾರೋ ಮೂಲೆಗೆಸೆಯುತ್ತಾರೋ ಎಂಬುದನ್ನು ಲೆಕ್ಕಪರಿಶೋಧಕನಿಗಿಂತ ಚೆನ್ನಾಗಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಆಟಗಾರ ಹೇಳಬಲ್ಲ.

ಲೀಗುಗಳ ಬಾಗಿಲು ತೆರೆದದ್ದು

2019ರಲ್ಲಿ ಅಮೆರಿಕದ ಬೇಸ್‌ಬಾಲ್ ಲೀಗ್ ಹೂಡಿಕೆ ನಿಧಿಗಳು ಒಂದಕ್ಕಿಂತ ಹೆಚ್ಚು ತಂಡಗಳಲ್ಲಿ ಅಲ್ಪಪಾಲು ಹೊಂದಲು ಅವಕಾಶ ಕೊಟ್ಟಿತು. ಬ್ಯಾಸ್ಕೆಟ್‌ಬಾಲ್ ಮತ್ತು ಐಸ್ ಹಾಕಿ ಲೀಗುಗಳು ಹಿಂದೆಯೇ ಬಂದವು. ಅತಿ ಬಿಗಿಯಾಗಿದ್ದ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 2024ರ ಆಗಸ್ಟಿನಲ್ಲಿ ಒಪ್ಪಿತು. ನಿಧಿಗಳಿಗೆ ಒಂದು ತಂಡದಲ್ಲಿ ಶೇ. 10ರ ಮಿತಿ, ನಿಯಂತ್ರಣಾಧಿಕಾರ ಇಲ್ಲ. ಅನುಮತಿ ಪಡೆದ ಕೆಲವೇ ಬಳಗಗಳಲ್ಲಿ ಬ್ಲ್ಯಾಕ್‌ಸ್ಟೋನ್, ಕಾರ್ಲೈಲ್, ಸಿವಿಸಿಯಂಥ ದೈತ್ಯರ ಜೊತೆ ಲೂಡಿಸ್ ಎಂಬ ಸಂಸ್ಥೆಯೂ ಇತ್ತು. ಅದರ ಸ್ಥಾಪಕ ಕರ್ಟಿಸ್ ಮಾರ್ಟಿನ್, ಇದೇ ಲೀಗಿನ ಹಾಲ್ ಆಫ್ ಫೇಮ್ ಸೇರಿದ ಆಟಗಾರ. ಓಡಿ ಅಂಕ ಗಳಿಸಿದವನು ಅದೇ ಲೀಗಿನ ಬಂಡವಾಳದ ಮೇಜಿಗೆ ಬಂದು ಕುಳಿತದ್ದು ಸಣ್ಣ ಸಂಗತಿಯಲ್ಲ.

ಆಟಗಾರರ ಸಂಘಗಳೂ ಸುಮ್ಮನಿರಲಿಲ್ಲ. ಎನ್‌ಎಫ್‌ಎಲ್ ಮತ್ತು ಬೇಸ್‌ಬಾಲ್ ಆಟಗಾರರ ಸಂಘಗಳು ರೆಡ್‌ಬರ್ಡ್ ಕ್ಯಾಪಿಟಲ್ ಜೊತೆಗೂಡಿ 2019ರಲ್ಲಿ ಒನ್‌ಟೀಮ್ ಪಾರ್ಟ್‌ನರ್ಸ್ ಸ್ಥಾಪಿಸಿದವು. ಆಟಗಾರರ ಹೆಸರು, ಚಿತ್ರಗಳ ಹಕ್ಕನ್ನು ಒಟ್ಟಾಗಿ ಮಾರುವುದು ಅದರ ಕೆಲಸ. 2022ರಲ್ಲಿ ರೆಡ್‌ಬರ್ಡ್ ತನ್ನ ಪಾಲು ಮಾರಿದಾಗ ಸಂಸ್ಥೆಯ ಮೌಲ್ಯ 190 ಕೋಟಿ ಡಾಲರ್ ಎಂದು ಲೆಕ್ಕಹಾಕಲಾಯಿತು.

ಮಹಿಳಾ ಕ್ರೀಡೆಯಲ್ಲಿ ಸಂಭಾವನೆ ಕಡಿಮೆಯಿದ್ದುದರಿಂದಲೋ ಏನೋ, ಪಾಲಿನ ಮಹತ್ವ ಆಟಗಾರ್ತಿಯರಿಗೆ ಬೇಗ ಹೊಳೆಯಿತು. 2020ರಲ್ಲಿ ಹುಟ್ಟಿದ ಏಂಜಲ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಹೂಡಿಕೆದಾರರಲ್ಲಿ ಮಿಯಾ ಹ್ಯಾಮ್, ಅಬಿ ವಾಂಬಾಕ್ ಸೇರಿದಂತೆ ಅಮೆರಿಕದ ಹಲವು ಮಾಜಿ ರಾಷ್ಟ್ರೀಯ ಆಟಗಾರ್ತಿಯರಿದ್ದರು. 2024ರ ಮಾರಾಟದಲ್ಲಿ ಕ್ಲಬ್ಬಿನ ಮೌಲ್ಯ 25 ಕೋಟಿ ಡಾಲರ್. ಸೆರೆನಾ ವಿಲಿಯಮ್ಸ್ ಆಡುತ್ತಿದ್ದಾಗಲೇ, 2014ರಲ್ಲಿ, ತಮ್ಮ ಹೂಡಿಕೆ ಸಂಸ್ಥೆ ಶುರುಮಾಡಿ, ನಿವೃತ್ತರಾದ 2022ರಲ್ಲಿ 11.1 ಕೋಟಿ ಡಾಲರಿನ ನಿಧಿ ಸಂಗ್ರಹಿಸಿದರು.

ಕಲಿಕೆ ಮತ್ತು ನಷ್ಟ

ಸ್ಯಾನ್ ಫ್ರಾನ್ಸಿಸ್ಕೊದ ಎನ್‌ಎಫ್‌ಎಲ್ ತಂಡದ ಸ್ಟೀವ್ ಯಂಗ್ ಆಟವಿಲ್ಲದ ತಿಂಗಳುಗಳಲ್ಲಿ ಓದಿ 1994ರಲ್ಲಿ ಕಾನೂನು ಪದವಿ ಪಡೆದರು. 2007ರಲ್ಲಿ ಈಗ ಎಚ್‌ಜಿಜಿಸಿ ಎನಿಸಿಕೊಂಡಿರುವ ಖಾಸಗಿ ಹೂಡಿಕೆ ಸಂಸ್ಥೆಯ ಸಹಸ್ಥಾಪಕರಾದರು. ನ್ಯೂಯಾರ್ಕ್ ಜಯಂಟ್ಸ್ ತಂಡದಲ್ಲಿ ಎರಡು ಸೂಪರ್ ಬೌಲ್ ಗೆದ್ದ ಜಸ್ಟಿನ್ ಟಕ್ ವಾರ್ಟನ್‌ನಲ್ಲಿ ಎಂಬಿಎ ಮಾಡಿ 2018ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಸೇರಿದರು. ಇಬ್ಬರೂ ಆಟದ ಹೆಸರಿನ ಮೇಲೆ ನೇರವಾಗಿ ಹುದ್ದೆಗೇರಲಿಲ್ಲ, ತರಗತಿಯ ಬೆಂಚಿನ ಮೂಲಕ ಬಂದರು.

ಹಾಗೆ ಬಾರದವರ ಕಥೆಗಳು ಬಹಳ. ಎನ್‌ಎಫ್‌ಎಲ್ ಆಟಗಾರರಲ್ಲಿ ಶೇ. 78 ಮಂದಿ ನಿವೃತ್ತಿಯ ಎರಡೇ ವರ್ಷದಲ್ಲಿ ದಿವಾಳಿ ಅಥವಾ ಹಣದ ಸಂಕಷ್ಟಕ್ಕೆ ಸಿಲುಕುತ್ತಾರೆಂದು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ 2009ರಲ್ಲಿ ಬರೆದದ್ದು ಈಗಲೂ ಎಲ್ಲೆಡೆ ಉದ್ಧೃತವಾಗುತ್ತದೆ. 2015ರಲ್ಲಿ ಅರ್ಥಶಾಸ್ತ್ರಜ್ಞರು ನ್ಯಾಯಾಲಯದ ದಾಖಲೆ ಹಿಡಿದು ಮಾಡಿದ ಅಧ್ಯಯನದಲ್ಲಿ, ನಿವೃತ್ತಿಯ ಹನ್ನೆರಡು ವರ್ಷಗಳೊಳಗೆ ದಿವಾಳಿ ಅರ್ಜಿ ಹಾಕಿದವರು ಸುಮಾರು ಶೇ. 16. ಮೊದಲ ಅಂಕಿಯಲ್ಲಿ ‘ಸಂಕಷ್ಟ’ ಎಂಬ ಅಳೆಯಲಾಗದ ಮಾತು ಸೇರಿದೆ, ಆದ್ದರಿಂದ ಎರಡನೆಯದನ್ನೇ ನೆಚ್ಚಬೇಕು. ಅದೇ ಅಧ್ಯಯನ ತೋರಿಸಿದ ಇನ್ನೊಂದು ಸಂಗತಿ ಹೆಚ್ಚು ಆತಂಕದ್ದು: ಎಷ್ಟು ಗಳಿಸಿದರು, ಎಷ್ಟು ವರ್ಷ ಆಡಿದರು ಎಂಬುದಕ್ಕೂ ದಿವಾಳಿಗೂ ಹೆಚ್ಚು ಸಂಬಂಧವಿರಲಿಲ್ಲ. ದೊಡ್ಡ ಸಂಪಾದನೆ ರಕ್ಷಣೆಯಾಗಲಿಲ್ಲ.

ಬೇಸ್‌ಬಾಲ್ ಆಟಗಾರ ಕರ್ಟ್ ಶಿಲ್ಲಿಂಗ್ ಕಟ್ಟಿದ ವಿಡಿಯೊ ಗೇಮ್ ಕಂಪನಿ, ರೋಡ್ ಐಲೆಂಡ್ ರಾಜ್ಯದ 7.5 ಕೋಟಿ ಡಾಲರಿನ ಸಾಲ ಖಾತರಿ ಪಡೆದು 2012ರಲ್ಲಿ ಮುಳುಗಿತು. ಫುಟ್‌ಬಾಲಿಗ ಜೆರಾರ್ಡ್ ಪಿಕೆ ಅವರ ಕೋಸ್ಮೋಸ್ ಸಂಸ್ಥೆ 2018ರಲ್ಲಿ ಡೇವಿಸ್ ಕಪ್ ಟೆನಿಸ್‌ನ ಸ್ವರೂಪವನ್ನೇ ಬದಲಿಸಿ, 25 ವರ್ಷಗಳಲ್ಲಿ 300 ಕೋಟಿ ಡಾಲರ್ ತೊಡಗಿಸುವ ಒಪ್ಪಂದ ಮಾಡಿಕೊಂಡಿತು. ತವರಿನಲ್ಲಿ ಆಡುವ ಹಳೆಯ ಪದ್ಧತಿ ಹೋದದ್ದಕ್ಕೆ ಪ್ರೇಕ್ಷಕರು ಒಲಿಯಲಿಲ್ಲ. 2023ರ ಜನವರಿಯಲ್ಲಿ ಒಪ್ಪಂದ ಮುರಿದುಬಿತ್ತು. ಡೇವಿಡ್ ಬೆಕಮ್ ಮಾತ್ರ ಬೇರೆ ರೀತಿ ಯೋಚಿಸಿದ್ದರು: 2007ರಲ್ಲಿ ಅಮೆರಿಕಕ್ಕೆ ಆಡಲು ಹೋಗುವಾಗಲೇ, ಮುಂದೆ 2.5 ಕೋಟಿ ಡಾಲರಿಗೆ ಹೊಸ ತಂಡ ಕೊಳ್ಳುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಂಡಿದ್ದರು. ಆ ಒಂದು ಷರತ್ತಿನಿಂದ ಹುಟ್ಟಿದ್ದು, ಇಂದು ಮೆಸ್ಸಿ ಆಡುವ ಇಂಟರ್ ಮಯಾಮಿ.

ಭಾರತ ಮತ್ತು ಕರ್ನಾಟಕ

ಭಾರತದ ಆಟಗಾರರಿಗೂ ಹಣಕಾಸು ಲೋಕಕ್ಕೂ ಹಳೆಯ ನಂಟೊಂದಿದೆ. ಬೆಂಗಳೂರಿನಲ್ಲಿ ಕೆನರಾ ಬ್ಯಾಂಕ್, ವಿಜಯಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಎಚ್‌ಎಎಲ್, ಐಟಿಐ ತಂಡಗಳು ಕ್ರೀಡಾ ಕೋಟಾದಲ್ಲಿ ಆಟಗಾರರಿಗೆ ನೌಕರಿ ಕೊಟ್ಟು ತಲೆಮಾರುಗಳನ್ನು ಸಲಹಿದವು. ಬೆಳಗ್ಗೆ ಅಭ್ಯಾಸ, ಮಧ್ಯಾಹ್ನ ಕೌಂಟರು, ಕೊನೆಗೆ ಪಿಂಚಣಿ. ಆ ಭದ್ರತೆಯನ್ನು ಕೀಳಾಗಿ ಕಾಣಬಾರದು. ಇಂದಿನ ಹೂಡಿಕೆ ಲೋಕ ಅಂಥದ್ದನ್ನು ಕೊಡಲಾರದು.

2008ರ ಐಪಿಎಲ್ ಹರಾಜಿನಲ್ಲಿ ಎಂಟು ತಂಡಗಳು ಒಟ್ಟು ಸುಮಾರು 72 ಕೋಟಿ ಡಾಲರಿಗೆ ಹೋದವು. ಬೆಂಗಳೂರಿನ ತಂಡಕ್ಕೆ 11.16 ಕೋಟಿ, ಎಲ್ಲಕ್ಕಿಂತ ಅಗ್ಗವಾದ ರಾಜಸ್ಥಾನ ರಾಯಲ್ಸ್‌ಗೆ 6.7 ಕೋಟಿ. ಆ ರಾಯಲ್ಸ್‌ಗೆ ನಾಯಕನಾಗಿ ಬಂದ ಶೇನ್ ವಾರ್ನ್ ಸಂಭಾವನೆಯ ಜೊತೆಗೆ, ಆಡಿದ ಪ್ರತಿ ವರ್ಷಕ್ಕೆ ಶೇ. 0.75ರಂತೆ ಪಾಲು ಕೇಳಿ ಪಡೆದಿದ್ದರು. ನಾಲ್ಕು ವರ್ಷಕ್ಕೆ ಶೇ. 3. 2021ರಲ್ಲಿ ಹೊಸದಾಗಿ ಸೇರಿದ ಎರಡು ತಂಡಗಳಲ್ಲಿ ಲಖನೌ 7,090 ಕೋಟಿ ರೂಪಾಯಿಗೂ, ಅಹಮದಾಬಾದ್ ಸಿವಿಸಿಗೆ 5,625 ಕೋಟಿಗೂ ಹೋದಾಗ, ಆ ಸಣ್ಣ ಶೇಕಡಾವಾರಿನ ಬೆಲೆ ಏನೆಂದು ಎಲ್ಲರಿಗೂ ಅರ್ಥವಾಯಿತು. ಐಪಿಎಲ್ ಕಟ್ಟಿದ ಭಾರತೀಯ ಆಟಗಾರರು ಪಡೆದದ್ದು ಸಂಭಾವನೆ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ತೆಂಡೂಲ್ಕರ್, ಗಂಗೂಲಿ, ಧೋನಿ, ಕೊಹ್ಲಿ ಫುಟ್‌ಬಾಲ್ ತಂಡಗಳ ಸಹಮಾಲೀಕರಾದರು. ತೆಂಡೂಲ್ಕರ್ 2018ರಲ್ಲಿ ಕೇರಳ ಬ್ಲಾಸ್ಟರ್ಸ್‌ನಿಂದ ಹೊರಬಂದರು. ಆ ಲೀಗಿನ ಮೂಲ ವಾಣಿಜ್ಯ ಒಪ್ಪಂದ 2025ರಲ್ಲಿ ಮುಗಿಯುತ್ತ ಬಂದು ನವೀಕರಣ ನಿಂತಾಗ, ಬೆಂಗಳೂರು ಎಫ್‌ಸಿ ಆಗಸ್ಟಿನಲ್ಲಿ ಆಟಗಾರರ ಸಂಬಳ ತಡೆಹಿಡಿಯಬೇಕಾಯಿತು. ಅದೇ ತಿಂಗಳು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕಾಯ್ದೆ ಬಂದು ಡ್ರೀಮ್11 ಭಾರತ ಕ್ರಿಕೆಟ್ ತಂಡದ ಪ್ರಾಯೋಜಕತ್ವ ಬಿಟ್ಟಿತು. ಒಂದು ಒಪ್ಪಂದ ಅಥವಾ ಒಂದು ಕಾನೂನು ಇಡೀ ಲೆಕ್ಕಾಚಾರವನ್ನು ಅಡಿಮೇಲು ಮಾಡುವ ಮಾರುಕಟ್ಟೆ ಇದು.

ಈ ಲೇಖನದ ವಿಷಯಕ್ಕೆ ನೇರವಾಗಿ ಹೊಂದುವ ಭಾರತೀಯ ಹೆಸರು ಮುಸ್ತಫಾ ಘೌಸ್. ಭಾರತದ ಡೇವಿಸ್ ಕಪ್ ತಂಡದಲ್ಲಿ ಆಡಿದ ಅವರು ಮುಂದೆ ಜೆಎಸ್‌ಡಬ್ಲ್ಯು ಸ್ಪೋರ್ಟ್ಸ್ ಸಂಸ್ಥೆಯ ಸಿಇಒ ಆದರು. ಬೆಂಗಳೂರು ಎಫ್‌ಸಿಯೂ ಬಳ್ಳಾರಿ ಸೀಮೆಯ ವಿಜಯನಗರದಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯೂ ಇದೇ ಬಳಗದವು. ತಂಡ ನಡೆಸುವ ದಿನನಿತ್ಯದ ಖರ್ಚು-ವೆಚ್ಚ ಕಂಡ ನಂತರ ಘೌಸ್ ಕ್ರೀಡೆ ಮತ್ತು ಗೇಮಿಂಗ್‌ಗೇ ಮೀಸಲಾದ ಸೆಂಟರ್ ಕೋರ್ಟ್ ಕ್ಯಾಪಿಟಲ್ ನಿಧಿಯನ್ನು ಸ್ಥಾಪಿಸಿದರು. ಆರಂಭದ ಗುರಿ 350 ಕೋಟಿ ರೂಪಾಯಿ. ಆಟ, ಆಡಳಿತ, ಆಮೇಲೆ ಬಂಡವಾಳ ಎಂಬ ಈ ಕ್ರಮ ಬ್ರಿಡ್ಜ್‌ಮನ್ ಹಿಡಿದ ದಾರಿಗೆ ಹತ್ತಿರದ್ದು, ಹೆಸರಿನ ಬಲದಿಂದ ನೇರ ಬಂಡವಾಳಕ್ಕೆ ನೆಗೆಯುವುದಕ್ಕಿಂತ ಗಟ್ಟಿಯಾದದ್ದು.

ಕರ್ನಾಟಕದ ಆಟಗಾರರು ಲಾಭಕ್ಕಿಂತ ಸಂಸ್ಥೆ ಕಟ್ಟುವ ಕಡೆ ಒಲವು ತೋರಿದ್ದಾರೆ. ಪ್ರಕಾಶ್ ಪಡುಕೋಣೆ ಗೀತ್ ಸೇಠಿ ಅವರೊಂದಿಗೆ 2001ರಲ್ಲಿ ಕಟ್ಟಿದ ಪ್ರತಿಷ್ಠಾನ ನಡೆಸುವ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್, ದಾನಿಗಳ ಹಣದಿಂದ ಪದಕದ ಸಾಧ್ಯತೆಯಿರುವವರನ್ನು ಆರಿಸಿ ಬೆಂಬಲಿಸುತ್ತದೆ. ಅದರ ಸಿಇಒ ಆದ ಮಾಜಿ ಹಾಕಿ ನಾಯಕ ವಿರೇನ್ ರಸ್ಕಿನ್ಹಾ ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನಲ್ಲಿ ಓದಿ ಬಂದವರು. ಆರ್.ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಅನಿಲ್ ಕುಂಬ್ಳೆ 2010ರಲ್ಲಿ ಟೆನ್ವಿಕ್ ಎಂಬ ಕ್ರೀಡಾ ಶಿಕ್ಷಣ ಕಂಪನಿಯನ್ನೂ, ನಂತರ ಬ್ಯಾಟಿಗೆ ಅಂಟಿಸುವ ಸಂವೇದಕ ತಯಾರಿಸಿದ ಸ್ಪೆಕ್ಟಾಕಾಮ್ ಕಂಪನಿಯನ್ನೂ ಕಟ್ಟಿದರು.

ಕ್ರಿಕೆಟ್‌ನಲ್ಲಿ ಒಡೆತನಕ್ಕೂ ಆಡಳಿತಕ್ಕೂ ನಡುವಿನ ಗೆರೆಯನ್ನು ಸುಪ್ರೀಂ ಕೋರ್ಟ್ ಎಳೆದಿದೆ. ಭಾರತೀಯ ಕ್ರಿಕೆಟ್ ಮಂಡಳಿಯ ಆಡಳಿತಗಾರರು ಐಪಿಎಲ್ ತಂಡಗಳಲ್ಲಿ ವಾಣಿಜ್ಯ ಹಿತಾಸಕ್ತಿ ಹೊಂದಲು ಅವಕಾಶ ಕೊಟ್ಟಿದ್ದ ನಿಯಮವನ್ನು 2015ರ ಜನವರಿಯಲ್ಲಿ ಅದು ರದ್ದುಮಾಡಿತು. ಕೋರ್ಟ್ ನೇಮಿಸಿದ ಲೋಧಾ ಸಮಿತಿಯ ಸುಧಾರಣೆಗಳು ಆ ಬಳಿಕ ಬಂದವು. ಹೂಡಿಕೆಗೆ ಇಳಿಯುವ ಮಾಜಿ ಆಟಗಾರ ಆಯ್ಕೆ ಸಮಿತಿ, ಕೋಚಿಂಗ್, ಮಂಡಳಿಯ ಹುದ್ದೆಗಳ ಆಸೆಯನ್ನು ಬಹುಮಟ್ಟಿಗೆ ಬಿಡಬೇಕಾಗುತ್ತದೆ. ಇದು ನ್ಯಾಯವಾದ ಬೆಲೆ.

ಕ್ರಿಕೆಟ್ ಆಡುವವರಿಗೆ ಪಾಲು ಸಿಗಬೇಕೆಂದು ಒಟ್ಟಾಗಿ ಮಾತಾಡುವ ವೇದಿಕೆ ಮಾತ್ರ ಇಲ್ಲಿ ಇನ್ನೂ ಇಲ್ಲ. 2019ರಲ್ಲಿ ಸ್ಥಾಪನೆಯಾದ ಭಾರತೀಯ ಕ್ರಿಕೆಟಿಗರ ಸಂಘದಲ್ಲಿ ನಿವೃತ್ತರಿಗೆ ಮಾತ್ರ ಸದಸ್ಯತ್ವವಿದೆ.